ಸ್ಪೀಕರ್ ಯಾರ ಸೇವಕ?

1642ರ ಜನವರಿ 4ರ ಮಧ್ಯಾಹ್ನ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ ಸುಮಾರು 400 ಜನ ಆಯುಧಪಾಣಿಗಳನ್ನು ಕಟ್ಟಿಕೊಂಡು ವೆಸ್ಟ್‌ಮಿನ್‌ಸ್ಟರಿಗೆ ಬಂದ. ಅವರನ್ನೆಲ್ಲ ಹೊರಗೆ ನಿಲ್ಲಿಸಿ, ಅಕ್ಕನ ಮಗನನ್ನಷ್ಟೇ ಜೊತೆಗೆ ಕರೆದುಕೊಂಡು ಕಾಮನ್ಸ್ ಸಭೆಯೊಳಗೆ ಕಾಲಿಟ್ಟ. ಬಾಗಿಲು ಮುಚ್ಚದಂತೆ ಅವನ ಕಡೆಯ ಅರ್ಲ್ ಒಬ್ಬ ಒರಗಿಕೊಂಡು ನಿಂತಿದ್ದ. ಹೊರಗಿನ ಕತ್ತಿ, ಪಿಸ್ತೂಲುಗಳು ಒಳಗೆ ಕೂತವರಿಗೆ ಕಾಣಬೇಕಲ್ಲ!

ದೊರೆಗೆ ಬೇಕಾಗಿದ್ದವರು ಐವರು: ಜಾನ್ ಪಿಮ್, ಜಾನ್ ಹ್ಯಾಂಪ್ಡನ್, ಡೆನ್ಜಿಲ್ ಹೋಲ್ಸ್, ಆರ್ಥರ್ ಹೇಸಲ್‌ರಿಗ್, ವಿಲಿಯಂ ಸ್ಟ್ರೋಡ್. ಆರೋಪ ರಾಜದ್ರೋಹ. ಆದರೆ ಸುದ್ದಿ ದೊರೆಗಿಂತ ಮೊದಲೇ ಸಭೆಗೆ ತಲುಪಿತ್ತು. ಐವರೂ ಥೇಮ್ಸ್ ನದಿಯಲ್ಲಿ ದೋಣಿ ಹತ್ತಿ ಲಂಡನ್ ಪೇಟೆಯ ಕಡೆಗೆ ಹೊರಟುಹೋಗಿದ್ದರು. ಚಾರ್ಲ್ಸ್ ನೇರವಾಗಿ ಸ್ಪೀಕರ್ ಪೀಠದ ಹತ್ತಿರ ನಡೆದು, ಸ್ವಲ್ಪ ಹೊತ್ತು ನಿಮ್ಮ ಕುರ್ಚಿ ಬೇಕು ಎಂದ. ಬೆಂಚುಗಳತ್ತ ಕಣ್ಣು ಹಾಯಿಸಿದ. ಅವರೆಲ್ಲಿ ಎಂದು ಸ್ಪೀಕರ್ ವಿಲಿಯಂ ಲೆಂಥಾಲ್‌ನನ್ನು ಕೇಳಿದ. ಲೆಂಥಾಲ್ ಮಂಡಿಯೂರಿದ. ಸಭೆ ಅಪ್ಪಣೆ ಕೊಡದ ಹೊರತು ಈ ಜಾಗದಲ್ಲಿ ತನಗೆ ನೋಡಲು ಕಣ್ಣಿಲ್ಲ, ನುಡಿಯಲು ನಾಲಿಗೆಯಿಲ್ಲ ಎಂದು ವಿನಯದಿಂದಲೇ ಹೇಳಿದ. ಹಕ್ಕಿಗಳು ಹಾರಿಹೋಗಿವೆ ಎಂದುಕೊಳ್ಳುತ್ತ ದೊರೆ ಬರಿಗೈಯಲ್ಲಿ ಹಿಂತಿರುಗಿದ.

ಈ ಉತ್ತರ ಎಷ್ಟು ಹೊಸದಾಗಿತ್ತು ಎಂಬುದು ಹದಿಮೂರು ವರ್ಷ ಹಿಂದೆ ಹೋದರೆ ತಿಳಿಯುತ್ತದೆ. ಆ ಕಾಲದಲ್ಲಿ ಸ್ಪೀಕರ್ ಎಂದರೆ ಬಹುಮಟ್ಟಿಗೆ ದೊರೆ ಒಪ್ಪಿ ಕೂರಿಸಿದ ಮನುಷ್ಯ. 1629ರ ಮಾರ್ಚ್ 2ರಂದು ಸಭೆಯನ್ನು ಮುಂದೂಡುವಂತೆ ಅರಮನೆಯ ಆಜ್ಞೆ ಬಂದಾಗ ಅಂದಿನ ಸ್ಪೀಕರ್ ಜಾನ್ ಫಿಂಚ್ ಎದ್ದು ಹೊರಡಲು ನೋಡಿದ. ಅವನು ಎದ್ದರೆ ಸಭೆ ಮುಗಿದಂತೆ. ಆಗ ಇಬ್ಬರು ಸದಸ್ಯರು ಅವನನ್ನು ಕುರ್ಚಿಗೇ ಒತ್ತಿಹಿಡಿದು ಕೂರಿಸಿದರು. ಅವರಲ್ಲೊಬ್ಬ ಇದೇ ಹೋಲ್ಸ್! ತಾನು ಸಭೆಯ ಸೇವಕನಾದರೂ ದೊರೆಯ ಸೇವಕನೂ ಹೌದು ಎಂದು ಫಿಂಚ್ ಕಣ್ಣೀರಿಟ್ಟ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದ ಸುಂಕವನ್ನು ಖಂಡಿಸುವ ನಿರ್ಣಯ ಆ ಗದ್ದಲದಲ್ಲೇ ಅಂಗೀಕಾರವಾಯಿತು. ಅದರ ಮುಂದಾಳು ಜಾನ್ ಎಲಿಯಟ್ 1632ರಲ್ಲಿ ಲಂಡನ್ ಟವರಿನ ಸೆರೆಯಲ್ಲೇ ಸತ್ತ. ಶವವನ್ನು ಊರಿಗೆ ಒಯ್ಯುವುದಕ್ಕೂ ಚಾರ್ಲ್ಸ್ ಬಿಡಲಿಲ್ಲ. ಇಂಥ ಸಣ್ಣತನಗಳನ್ನು ಜನ ತೆರಿಗೆಗಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತಾರೆ.

ಮುಂದಿನ ಹನ್ನೊಂದು ವರ್ಷ ಪಾರ್ಲಿಮೆಂಟೇ ಇಲ್ಲ. ದುಡ್ಡಿಗಾಗಿ ದೊರೆ ಹಳೆಯ ಹಡಗು ತೆರಿಗೆಯನ್ನು ಕೆದಕಿ ತೆಗೆದ. ಯುದ್ಧಕಾಲದಲ್ಲಿ ಕರಾವಳಿ ಊರುಗಳು ಹಡಗು ಒದಗಿಸುವ ಬದಲು ಕೊಡುತ್ತಿದ್ದ ಹಣ ಅದು. 1635ರಲ್ಲಿ ಸಮುದ್ರವನ್ನೇ ಕಾಣದ ಒಳನಾಡಿನ ಜಿಲ್ಲೆಗಳ ಮೇಲೂ ಬಿತ್ತು. ಹ್ಯಾಂಪ್ಡನ್ ಸಿರಿವಂತ, ಕೇಳಿದ್ದು 20 ಷಿಲಿಂಗ್, ಕೊಡುವುದಿಲ್ಲ ಎಂದ. ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ದೊರೆಯ ಪರ, ಐವರು ಹ್ಯಾಂಪ್ಡನ್ ಪರ. ಆ ಏಳು ಜನರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ದೊರೆಯನ್ನು ಎತ್ತಿಹಿಡಿದವನು ನಮ್ಮ ಫಿಂಚ್, ಆಗ ಮುಖ್ಯ ನ್ಯಾಯಮೂರ್ತಿ. ಗೆದ್ದ ದೊರೆಗೆ ಆ ಐದು ಮತಗಳೇ ಮುಳುವಾದವು.

ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಯುದ್ಧ ಮೈಮೇಲೆಳೆದುಕೊಂಡ ಚಾರ್ಲ್ಸ್, ಹಣವಿಲ್ಲದೆ 1640ರಲ್ಲಿ ಪಾರ್ಲಿಮೆಂಟು ಕರೆಯಲೇಬೇಕಾಯಿತು. ಆ ವರ್ಷದ ಕೊನೆಗೆ ಫಿಂಚ್ ಹಾಲೆಂಡಿಗೆ ಓಡಿಹೋದ. ಮರುವರ್ಷ ಐರ್ಲೆಂಡಿನಲ್ಲಿ ದಂಗೆಯೆದ್ದಿತು. ಅದನ್ನಡಗಿಸಲು ಸೈನ್ಯ ಬೇಕು, ಆದರೆ ಅದು ಯಾರ ಕೈಯಲ್ಲಿರಬೇಕು? ಯಾರೂ ಯಾರನ್ನೂ ನಂಬದ ಆ ಚಳಿಗಾಲದಲ್ಲೇ ದೊರೆ ಸಭೆಯ ಬಾಗಿಲಿಗೆ ಬಂದದ್ದು.

ಅಂದು ಸಹಾಯಕ ಗುಮಾಸ್ತ ಜಾನ್ ರಷ್‌ವರ್ತ್ ಮಾತುಗಳನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. ಸಂಜೆ ದೊರೆಯೇ ಅವನನ್ನು ಕರೆಸಿ ತನ್ನ ಭಾಷಣದ ಪ್ರತಿ ಕೇಳಿ ಪಡೆದ.  ಜನವರಿ 10ರಂದು ಲಂಡನ್ ಬಿಟ್ಟ. ಆಗಸ್ಟ್ 22ರಂದು ನಾಟಿಂಗ್‌ಹ್ಯಾಮ್‌ನಲ್ಲಿ ಯುದ್ಧದ ಬಾವುಟ ಏರಿಸಿದ. ಮತ್ತೆ ವೈಟ್‌ಹಾಲಿಗೆ ಬಂದದ್ದು 1649ರಲ್ಲಿ, ಕೈದಿಯಾಗಿ. ಜನವರಿ 30ರಂದು ಅಲ್ಲೇ ತಲೆ ಹೋಯಿತು.

ಈಗಲೂ ಹೊಸ ಅಧಿವೇಶನದ ದಿನ ಅರಸೊತ್ತಿಗೆಯ ದೂತನ ಮುಖಕ್ಕೆ ಕಾಮನ್ಸ್ ಬಾಗಿಲು ರಪ್ಪನೆ ಮುಚ್ಚುತ್ತದೆ. ಅವನು ಕೋಲಿನಿಂದ ಮೂರು ಬಾರಿ ತಟ್ಟಬೇಕು. ನಮಗೂ ಇದರ ನಂಟುಂಟು. ನಮ್ಮ ಸಂವಿಧಾನದ 105 ಮತ್ತು 194ನೇ ವಿಧಿಗಳು ಸದನಗಳ ಹಕ್ಕುಬಾಧ್ಯತೆಗಳನ್ನು ಹೇಳುವಾಗ ಇದೇ ಕಾಮನ್ಸ್ ಸಭೆಯ ಹೆಸರನ್ನು ಎತ್ತಿಕೊಂಡಿದ್ದವು. 1978ರ ತಿದ್ದುಪಡಿಯಲ್ಲಿ ಆ ಹೆಸರನ್ನು ಕೈಬಿಡಲಾಯಿತು.

ಲೆಂಥಾಲ್ ವೀರನೇನೂ ಅಲ್ಲ, ಅಂಜುಬುರುಕನೆಂದೇ ಹೆಸರಾದವನು. 1660ರಲ್ಲಿ ಅರಸೊತ್ತಿಗೆ ಮರಳಿತು. ಚಾರ್ಲ್ಸನಿಗೆ ಮರಣದಂಡನೆ ವಿಧಿಸಿದವರಲ್ಲಿ ಒಬ್ಬನಾದ ಥಾಮಸ್ ಸ್ಕಾಟ್‌ನ ವಿಚಾರಣೆ ನಡೆದಾಗ, ಅವನು ಸಭೆಯೊಳಗೆ ಏನೆಂದಿದ್ದ ಎಂದು ಸಾಕ್ಷಿ ಹೇಳಲು ಮುದುಕ ಲೆಂಥಾಲ್ ಬಂದ. ಈ ಸಲ ಅವನಿಗೆ ಕಣ್ಣೂ ಇತ್ತು, ನಾಲಿಗೆಯೂ ಇತ್ತು. ಸ್ಕಾಟ್‌ನನ್ನು ಆ ಅಕ್ಟೋಬರಿನಲ್ಲಿ ಕೊಂದರು.