ಅಮ್ಮನ ಮಗ್ಗದ ಸದ್ದು

ಹೋದ ಬೇಸಿಗೆ ರಜಕ್ಕೆ ನನ್ನ ತಂಗಿ ಮಗಳು ದೊಡ್ಡಬಳ್ಳಾಪುರಕ್ಕೆ ಬಂದಿದ್ಲು. ಕಾಲೇಜಿಗೆ ಎರಡು ನಿಮಿಷದ ಸ್ಟಾಪ್ ಮೋಷನ್ ಸಿನಿಮಾ ಮಾಡ್ಬೇಕಿತ್ತಂತೆ. ಜೇಡಿಮಣ್ಣಿನ ಗೊಂಬೇನ ಒಂಚೂರು ಸರಿಸೋದು, ಫೋಟೊ ಹೊಡೆಯೋದು, ಮತ್ತೆ ಸರಿಸೋದು. ಸೆಕೆಂಡಿಗೆ 12 ಫೋಟೊ ಅಂದ್ರೆ ಎರಡು ನಿಮಿಷಕ್ಕೆ 1440! ಗೊಂಬೆ ಯಾರು ಗೊತ್ತಾ? ಅವಳ ಅಜ್ಜಿ, ಅಂದ್ರೆ ನಮ್ಮಮ್ಮ. ಚಿಕ್ಕ ಕೈಮಗ್ಗದ ಮುಂದೆ ಕೂತು ನೇಯ್ತಾ ಇರೋ ಹಾಗೆ ಮಾಡಿದ್ಲು.

ನೋಡಿ ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಅವಳ ಮುಖ ಮಾತ್ರ ಸಪ್ಪಗಿತ್ತು. "ಸದ್ದೇ ಇಲ್ವಲ್ಲ ದೊಡ್ಡಮ್ಮ, ಅಜ್ಜಿ ನೇಯ್ತಿಲ್ಲ, ಸುಮ್ನೆ ಕೈ ಆಡಿಸ್ತಿದಾರೆ" ಅಂದ್ಲು. ನಿಜ ತಾನೆ? ಫೋಟೊ ಜೋಡಿಸಿದ ಸಿನಿಮಾಗೆ ತನ್ನದೇ ಸದ್ದು ಇರೋದಿಲ್ಲ. ಎಲ್ಲಾನೂ ಬೇರೆ ಕಡೆಯಿಂದ ತಂದು ಹಚ್ಚಬೇಕು.

ಈ ಪಾಡು ಇವತ್ತಿಂದಲ್ಲ. ದಾದಾಸಾಹೇಬ್ ಫಾಲ್ಕೆಯವರು 1915ರ ಸುಮಾರಿಗೇ ಬೆಂಕಿಕಡ್ಡಿಗಳು ತಾವಾಗಿ ಓಡಾಡೋ ಥರ ಒಂದು ಪುಟ್ಟ ಚಿತ್ರ ಮಾಡಿದ್ರು. ಅದು ಮೂಕಿ. ಆ ಕಾಲದಲ್ಲಿ ಪರದೆ ಪಕ್ಕ ಹಾರ್ಮೋನಿಯಂ, ತಬಲದವರು ಕೂತು ನುಡಿಸ್ತಿದ್ರು. 1931ರಲ್ಲಿ 'ಆಲಂ ಆರಾ' ಬಂತು, ಇಂಡಿಯಾದ ಸಿನಿಮಾಗೆ ಮಾತು ಬಂತು. ನಮ್ಮ ಕನ್ನಡದ 'ಸತಿ ಸುಲೋಚನ' 1934ರಲ್ಲಿ ಬಂತು, ಅದನ್ನ ತೆಗೆದದ್ದು ಕೊಲ್ಲಾಪುರದಲ್ಲಿ.

ಅದಕ್ಕೆ ಒಂದು ವರ್ಷ ಮುಂಚೆ ಅಮೆರಿಕದಲ್ಲಿ 'ಕಿಂಗ್ ಕಾಂಗ್' ಬಂದಿತ್ತು. ಆ ದೊಡ್ಡ ಕೋತೀನೂ ಹೀಗೇ ಒಂಚೂರು ಒಂಚೂರು ಸರಿಸಿದ ಗೊಂಬೆ. ಅದರ ಗರ್ಜನೆ ಯಾವ ಕೋತೀದೂ ಅಲ್ಲ. ಹುಲಿ ಸಿಂಹಗಳ ಗರ್ಜನೆ ರೆಕಾರ್ಡ್ ಮಾಡಿ, ನಿಧಾನ ಮಾಡಿ, ಹಿಂದುಮುಂದು ತಿರುಗಿಸಿ ಸೇರಿಸಿದ್ದು. 1957ರಲ್ಲಿ ಕೆನಡಾದ ನಾರ್ಮನ್ ಮೆಕ್‌ಲಾರೆನ್ ಒಂದು ಕುರ್ಚಿ ಮನುಷ್ಯನನ್ನ ಕೂರಿಸಿಕೊಳ್ಳಲ್ಲ ಅಂತ ಹಟ ಹಿಡಿಯೋ ಚಿತ್ರ ಮಾಡಿದ್ರು. ಅದರಲ್ಲಿ ಮಾತೇ ಇಲ್ಲ. ಅದಕ್ಕೆ ಸಂಗೀತ ಕೊಟ್ಟೋರು ನಮ್ಮ ರವಿಶಂಕರ್, ಚತುರ್ ಲಾಲ್. ಕುರ್ಚಿಯ ಸಿಟ್ಟೂ ಮುನಿಸೂ ಎಲ್ಲ ಸಿತಾರ್, ತಬಲದಲ್ಲೇ.

ಇದನ್ನೆಲ್ಲ ಕೇಳಿ ನಾನು, "ನಮ್ಮ ಬೀದೀಲಿ ಮಗ್ಗದ ಸದ್ದಿಗೇನೇ ಬರ?" ಅಂದೆ. ದೊಡ್ಡಬಳ್ಳಾಪುರದಲ್ಲಿ ಬೆಳೆದೋರಿಗೆ ಪವರ್ ಲೂಮ್ ಸದ್ದು ಇಲ್ದಿದ್ರೇನೇ ನಿದ್ದೆ ಬರಲ್ಲ. ಪಕ್ಕದ್ಮನೆ ಶೆಡ್ಡಿಗೆ ಹೋಗಿ ಫೋನಲ್ಲಿ ಹಿಡ್ಕೊಂಡು ಬಂದು ಹಚ್ಚಿದ್ಲು. ಅಮ್ಮ ಫೋನು ಕಿವಿಗೆ ಒತ್ತಿ ಹಿಡಿದು ಕೇಳಿ, "ಇದು ನನ್ನ ಮಗ್ಗ ಅಲ್ಲ ಕಣೆ" ಅಂದು ವಾಪಸ್ ಕೊಟ್ಬಿಟ್ರು.

ಅಮ್ಮನಿಗೆ ಕಿವಿ ಮಂದ. ಕೈಮಗ್ಗ ಬಿಟ್ಟಮೇಲೆ ಇಪ್ಪತ್ತು ವರ್ಷ ಪವರ್ ಲೂಮ್ ಶೆಡ್ಡಿನಲ್ಲಿ ದುಡಿದ್ರು. ಅಷ್ಟು ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ಇದ್ರೆ ಒಳಕಿವಿಯ ಸೂಕ್ಷ್ಮ ಕಣಗಳು ಹಾಳಾಗ್ತವೆ, ಮತ್ತೆ ಹುಟ್ಟಲ್ಲ. ಕಿವಿ ಕಾಪಾಡ್ಕೊಳ್ಳಿ ಅಂತ ಆಗ ಹೇಳೋರೂ ಇರಲಿಲ್ಲ.

ಕೈಮಗ್ಗದ ಸದ್ದೇ ಬೇರೆಯಂತೆ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಅನ್ನೋನು ದಾರ ಎಳೆದ್ರೆ ತಾನಾಗೇ ಈ ಕಡೆಯಿಂದ ಆ ಕಡೆ ಓಡೋ ಲಾಳಿ ಕಂಡುಹಿಡಿದ. ಅಮ್ಮ ನೇಯ್ದದ್ದೂ ಅಂಥಾ ಲಾಳೀಲೇ. "ಮೊದ್ಲು ಕಾಲಿಂದ ತುಳೀಬೇಕು, ಕಿರ್ ಅನ್ನುತ್ತೆ. ದಾರ ಎಳೆದ್ರೆ ಲಾಳಿ ಸರ್ ಅಂತ ಓಡಿ ಆ ಕಡೆ ಟಕ್ ಅನ್ನುತ್ತೆ. ಆಮೇಲೆ ಹಲಗೆ ಎಳೆದು ಧಪ್ ಅಂತ ಹೊಡೀಬೇಕು" ಅಂತ ಮಂಚದ ಪಟ್ಟಿ ಮೇಲೆ ತಟ್ಟಿ ತೋರಿಸಿದ್ರು. ಒಂದು ಸಲಕ್ಕೂ ತಾಳ ತಪ್ಪಲಿಲ್ಲ.

ನಮ್ಮ ಅಟ್ಟದಲ್ಲಿ ಮಗ್ಗ ಎಲ್ಲಿ ಉಳಿದಿದೆ? ಯಾವತ್ತೋ ಸೌದೆ ಆಗೋಯ್ತು. ಕಿರ್ ಅನ್ನೋಕೆ ಹಳೇ ಕಿಟಕಿ ಬಾಗಿಲು ಅಲ್ಲಾಡಿಸಿದ್ವಿ. ಮಣೆ ಮೇಲೆ ಲಟ್ಟಣಿಗೆ ಉರುಳಿಸಿದ್ರೆ ಲಾಳಿ, ಅದು ಗೋಡೆಗೆ ತಗುಲಿದ್ರೆ ಟಕ್. ಧಪ್ ಅನ್ನೋಕೆ ಇನ್ನೊಂದು ಮಣೆಗೆ ಹಳೇ ಸೀರೆ ಸುತ್ತಿ ಹೊಡೆದ್ವಿ. ಫ್ಯಾನು ಆರಿಸಿ, ಕರೆಂಟು ಹೋದಾಗ ರೆಕಾರ್ಡ್ ಮಾಡಿದ್ದು, ಯಾಕಂದ್ರೆ ಬೀದಿಯ ಮಗ್ಗಗಳು ಬಾಯಿ ಮುಚ್ಚೋದು ಆವಾಗ್ಲೇ!

ಆಮೇಲೆ ಅವಳಿಗೆ ಗೊತ್ತಾಯ್ತು, ಚಿತ್ರದಲ್ಲಿ ಗೊಂಬೆ ಕೈ ಸಿಕ್ಕಾಪಟ್ಟೆ ಬೇಗ ಓಡ್ತಿದೆ ಅಂತ. ಅಮ್ಮನ ತಾಳದಲ್ಲಿ ತುಳಿತದಿಂದ ಹೊಡೆತದವರೆಗೆ ಎರಡು ಸೆಕೆಂಡು, ಅಂದ್ರೆ 24 ಫೋಟೊ. ಅವಳು ತೆಗೆದಿದ್ದದ್ದು 12. ಆ ಭಾಗನ ಪೂರ್ತಿ ಮತ್ತೆ ತೆಗೆದ್ಲು, ಪಾಪ.

ಕೊನೇಲಿ ಅಮ್ಮ ಒಂದು ಮಾತು ಸೇರಿಸಿದ್ರು: "ಒಂದೇ ಸಮ ನೇಯಿಸ್ಬೇಡ. ನಡುವೆ ಎಳೆ ಕಿತ್ತೋಗುತ್ತೆ. ಆವಾಗ ಮಗ್ಗ ನಿಲ್ಲುತ್ತೆ, ನಿಮ್ಮಮ್ಮ ತೊಟ್ಟಿಲಲ್ಲಿ ಅಳೋದು ಕೇಳಿಸ್ತಿತ್ತು." ಅಲ್ಲಿ ಮೂರು ಸೆಕೆಂಡು ಸದ್ದೇ ಇಲ್ಲದೆ ಬಿಟ್ಟಿದಾಳೆ. ಅಳು ಹಾಕಬೇಕಾ ಅಂತ ಕೇಳಿದ್ಲು, ಅಮ್ಮ ಬೇಡ ಅಂದ್ರು.

ಸಿನಿಮಾ ಮುಗಿದಾಗ ಅಮ್ಮ ಮತ್ತೆ ಫೋನು ಕಿವಿಗೆ ಒತ್ತಿಕೊಂಡ್ರು. ಕಾಲು ಮಂಚದ ಕೆಳಗೆ ತುಳೀತಾ ಇತ್ತು.

ಅಕ್ಕಂದಿರೇ, ನಿಮ್ಮ ಅಟ್ಟದಲ್ಲಿ ಹಳೇ ಲಾಳಿ ಏನಾದ್ರೂ ಇದ್ರೆ ಸೌದೆಗೆ ಹಾಕ್ಬೇಡಿ, ನನಗೊಂದು ಮಾತು ಹೇಳಿ. ನೇಯ್ದಿದ್ದ ಅತ್ತೆ, ಅಜ್ಜಿ ಮನೇಲಿದ್ರೆ ಅವರ ಕೈಯಲ್ಲಿ ಆ ತಾಳ ಒಂದ್ಸಲ ತಟ್ಟಿಸಿ, ಫೋನಲ್ಲಿ ಹಿಡಿದಿಟ್ಕೊಳ್ಳಿ.