ಕಲಂ ಬಿಡಿಸುವ ವಿದ್ಯೆ: ರಂಧ್ರದ ಕಾರ್ಡಿನಿಂದ ಕನ್ನಡದ ಪಟ್ಟಿಯವರೆಗೆ

ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಲ್ಲಿ ಹೊಲ ಇದ್ದವರಿಗೆ ಕಲಂ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಪಹಣಿಯ 9ನೇ ಕಲಮಿನಲ್ಲಿ ಕಬ್ಜೆದಾರರ ಹೆಸರು, 11ರಲ್ಲಿ ಸಾಲದ ಬೋಜಾ, 12ರಲ್ಲಿ ಸಾಗುವಳಿಯ ವಿವರ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಈ ಹಾಳೆಗಳನ್ನು ಗಣಕಕ್ಕೆ ಏರಿಸಿತು. ಈಗ ಊರಿನ ಬಹುಪಾಲು ಪಟ್ಟಿಗಳು ಕಡತಗಳೇ. ಅವುಗಳಿಂದ ಬೇಕಾದ ಕಲಂ ಎತ್ತಿಕೊಳ್ಳುವ ವಿದ್ಯೆ ಮಾತ್ರ ಬೇರೆ ಲಿಪಿಗಾಗಿ ಹುಟ್ಟಿದ್ದು. ಕನ್ನಡಕ್ಕೆ ಅದು ದಕ್ಕಿದ್ದು ನಿಧಾನವಾಗಿ, ಇನ್ನೂ ಪೂರ್ತಿ ದಕ್ಕಿಲ್ಲ.

ಮೊದಲಿಗೆ ಕಲಂ ಎಂದರೆ ಜಾಗ. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹೊಲೆರಿತ್ ರಂಧ್ರದ ಕಾರ್ಡು ಬಳಸಿದರು. 1928ರಲ್ಲಿ ಐಬಿಎಂ ಅದನ್ನು 80 ಕಲಮಿಗೆ ನಿಲ್ಲಿಸಿತು. ಒಂದು ಕಲಮಿಗೆ ಒಂದೇ ಅಕ್ಷರ, ಇಂತಿಷ್ಟನೇ ಜಾಗದಿಂದ ಇಂತಿಷ್ಟನೇ ಜಾಗದವರೆಗೆ ಹೆಸರು. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಈ ಅಭ್ಯಾಸವನ್ನು ಪೂರ್ತಿ ಬಿಡಲಿಲ್ಲ, ಆದರೆ ಪಕ್ಕದಲ್ಲೇ ಇನ್ನೊಂದು ದಾರಿ ತೆರೆಯಿತು: ಕಲಮುಗಳ ನಡುವೆ ಒಂದು ಗುರುತು ಇಟ್ಟರೆ ಜಾಗ ಎಣಿಸುವ ಗೋಜೇ ಇಲ್ಲ. 1977ರಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಗನ್ ಮೂವರೂ ಸೇರಿ ಆಕ್ ಎಂಬ ಪುಟ್ಟ ಭಾಷೆ ಬರೆದರು. ಮೂರನೆಯ ಕಲಂ ರಂಗಂಪೇಟೆ ಆಗಿದ್ದರೆ ಒಂದನೆಯದನ್ನೂ ಐದನೆಯದನ್ನೂ ಮುದ್ರಿಸು ಎಂಬ ಆಜ್ಞೆ ಅದರಲ್ಲಿ ಒಂದೇ ಸಾಲು. 1980ರ ದಶಕದ ಆರಂಭದಲ್ಲಿ, ಸಿಸ್ಟಂ ಥ್ರೀ ಯುನಿಕ್ಸ್‌ನೊಂದಿಗೆ ಕಟ್ ಎಂಬ ಆಜ್ಞೆ ಬಂತು. ಅದು ಎರಡೂ ಬಗೆಯಲ್ಲಿ ಕತ್ತರಿಸುತ್ತದೆ: ಜಾಗ ಎಣಿಸಿ, ಇಲ್ಲವೇ ಗುರುತು ನೋಡಿ.

ಕನ್ನಡಕ್ಕೆ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ರಂಗಂಪೇಟೆ ಎಂಬ ಹೆಸರನ್ನೇ ನೋಡಿ. ನಮ್ಮ ಕಣ್ಣಿಗೆ ಅಕ್ಷರ ನಾಲ್ಕು. ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ, ಏಕೆಂದರೆ ಸೊನ್ನೆ, ಏತ್ವ, ಎತ್ವಗಳೆಲ್ಲ ಬೇರೆ ಬೇರೆ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 24. ಕಟ್‌ನ ಗ್ನೂ ಆವೃತ್ತಿ ಬಹಳ ವರ್ಷ ಅಕ್ಷರ ಎಂದರೂ ಬೈಟನ್ನೇ ಎಣಿಸುತ್ತಿತ್ತು. ಮೊದಲ ನಾಲ್ಕು ಕೊಡು ಎಂದರೆ ‘ರ’ ಬಂದು, ಸೊನ್ನೆ ಮುರಿದು, ಪರದೆಯ ಮೇಲೆ ಪ್ರಶ್ನಾರ್ಥಕದ ಚೌಕ. ಸಂಕೇತ ಎಣಿಸಬಲ್ಲ ಆಕ್ ‘ರಂಗಂ’ ಎಂದಾದರೂ ಕೊಡುತ್ತದೆ, ಆದರೆ ಐದು ಕೇಳಿದರೆ ಏತ್ವ ಕಳಚಿ ‘ರಂಗಂಪ’ ಉಳಿಯುತ್ತದೆ.

ಗುರುತು ನೋಡಿ ಕತ್ತರಿಸಿದರೆ ಈ ಯಾವ ಅನಾಹುತವೂ ಇಲ್ಲ. ಇದಕ್ಕಾಗಿ 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ಕ್ಕೆ ಋಣಿಯಾಗಿರಬೇಕು. ಅಲ್ಪವಿರಾಮದ ಬೈಟಾಗಲಿ ಟ್ಯಾಬಿನ ಬೈಟಾಗಲಿ ಬೇರೆ ಯಾವ ಅಕ್ಷರದ ಒಳಗೂ ನುಸುಳದಂತೆ ಅವರು ನೋಡಿಕೊಂಡರು. ಹಾಗಾಗಿ ಕನ್ನಡದ ಗಂಧಗಾಳಿ ಇಲ್ಲದ ಹಳೆಯ ಕಟ್ ಕೂಡ ನಮ್ಮ ಪಟ್ಟಿಯನ್ನು ಕಲಂ ಕಲಮಾಗಿ ಸರಿಯಾಗಿ ಬಿಡಿಸುತ್ತದೆ. ಈ ವಿದ್ಯೆಯ ಇತಿಹಾಸದಲ್ಲಿ ಕನ್ನಡಕ್ಕೆ ಆದ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳ ಪಾಡು ಬೇರೆ: ಅಲ್ಲಿ ಕನ್ನಡ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತದೆ, ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಹೆಸರು ಹುಡುಕಲಾಗದು.

ಗುರುತು ಅಲ್ಪವಿರಾಮವಾದರೆ ಅದಕ್ಕೂ ತೊಡಕಿದೆ. ವಿಳಾಸದ ಕಲಮಿನಲ್ಲಿ ‘ರಂಗಂಪೇಟೆ, ಸುರಪುರ’ ಎಂದಿದ್ದರೆ ಕಟ್ ಅದನ್ನು ಎರಡು ಕಲಂ ಮಾಡಿ ಮುಂದಿನದೆಲ್ಲ ಒಂದೊಂದು ಮನೆ ಸರಿಸುತ್ತದೆ. ಉದ್ಧರಣ ಚಿಹ್ನೆಯ ಒಳಗಿನ ಅಲ್ಪವಿರಾಮವನ್ನು ಬಿಟ್ಟುಬಿಡಬೇಕೆಂಬ, ಅಲ್ಪವಿರಾಮವೇ ಗುರುತಾದ ಕಡತಗಳ ಸಿಎಸ್‌ವಿ ಪದ್ಧತಿ 2005ರಲ್ಲಿ ದಾಖಲಾಯಿತು. ಆಕ್ ಅದನ್ನು ತಾನೇ ಕಲಿತದ್ದು 2023ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಕರ್ನಿಗನ್, ಎಂಬತ್ತರ ವಯಸ್ಸಿನಲ್ಲಿ, ತಮ್ಮ ಮೂಲ ಆಕ್‌ಗೆ ಯೂನಿಕೋಡ್ ಸೇರಿಸಿದ್ದರು. ನಮ್ಮ ಊರ ಪಟ್ಟಿಗಳಿಗೆ ಟ್ಯಾಬೇ ಲೇಸು. ವಿಳಾಸದಲ್ಲಿ ಟ್ಯಾಬ್ ಒತ್ತುವವರು ಅಪರೂಪ.

ಉಳಿದಿರುವುದು ಕಲಮಿನ ಒಳಗಿನ ಅಕ್ಷರ. 2023ರ ಯೂನಿಕೋಡ್ 15.1 ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ನಿಯಮ ತಂದಿತು. ದೇವನಾಗರಿ, ತೆಲುಗು, ಮಲಯಾಳಂ ಆ ನಿಯಮ ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಹೀಗಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ದೊರೆ ವೆಂಕಟಪ್ಪ ನಾಯಕನ ಹೆಸರನ್ನು ಆ ನಿಯಮದಂತೆ ಬಿಡಿಸಿದರೆ ‘ಪ್ಪ’ ಒಡೆದು ‘ಪ್’ ಒಂದು ಕಡೆ, ‘ಪ’ ಇನ್ನೊಂದು ಕಡೆ ಬೀಳುತ್ತದೆ.