ಡೈನೋಸಾರ್ ಪ್ರತಿಕೃತಿ ಆಟಿಕೆಗಳು

ಡೈನೋಸಾರ್ ಪ್ರತಿಕೃತಿ ಆಟಿಕೆಗಳು ಡೈನೋಸಾರ್‌ಗಳು ಹಾಗೂ ಅಳಿದುಹೋದ ಇತರ ಪ್ರಾಚೀನ ಪ್ರಾಣಿಗಳ ಆಕಾರವನ್ನು ಕಿರಿದಾದ ಅಳತೆಯಲ್ಲಿ ತೋರಿಸುವ ಗೊಂಬೆಗಳಾಗಿವೆ. ಇವುಗಳನ್ನು ಹೆಚ್ಚಾಗಿ ಪ್ಲಾಸ್ಟಿಕ್‌ನಿಂದ ಅಚ್ಚು ಹಾಕಿ, ಬಣ್ಣ ಬಳಿದು ತಯಾರಿಸಲಾಗುತ್ತದೆ. ಮಕ್ಕಳ ಆಟ, ಶಾಲಾ ಬೋಧನೆ ಮತ್ತು ಹವ್ಯಾಸಿ ಸಂಗ್ರಹ ಇವುಗಳ ಮುಖ್ಯ ಬಳಕೆಗಳು. ಆನೆಯ ಗೊಂಬೆಯನ್ನು ಜೀವಂತ ಆನೆಯೊಡನೆ ಹೋಲಿಸಬಹುದು. ಅಳಿದ ಪ್ರಾಣಿಗಳ ವಿಷಯದಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಇಂತಹ ಪ್ರತಿಯೊಂದು ಗೊಂಬೆಯೂ ತಾನು ತಯಾರಾದ ಕಾಲದ ಪಳೆಯುಳಿಕೆ ಜ್ಞಾನವನ್ನು ಆಧರಿಸಿದ ಊಹೆಯಾಗಿದ್ದು, ಅದರ ನೈಜತೆಯನ್ನು ನಿರ್ಣಯಿಸಲು ತಯಾರಿಕೆಯ ವರ್ಷವೂ ಮುಖ್ಯವಾಗುತ್ತದೆ.

ಇತಿಹಾಸ

ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಅವರು ರಿಚರ್ಡ್ ಓವೆನ್ ಅವರ ಸಲಹೆಯೊಂದಿಗೆ ರೂಪಿಸಿದ ಪೂರ್ಣಗಾತ್ರದ ಶಿಲ್ಪಗಳು 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಪ್ರದರ್ಶನಗೊಂಡವು. ಅವುಗಳಲ್ಲಿ ಇಗ್ವಾನೋಡಾನ್‌ನ ಮೂಗಿನ ಮೇಲೆ ಕೊಂಬನ್ನು ಇರಿಸಲಾಗಿತ್ತು. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಗಣಿಯಲ್ಲಿ ದೊರೆತ ಅಸ್ಥಿಪಂಜರಗಳಿಂದ ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು ಎಂಬುದು ಸ್ಪಷ್ಟವಾಯಿತು.

20ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಮಾರ್ಕ್ಸ್ ಕಂಪನಿಯ ಅಗ್ಗದ ಪ್ಲಾಸ್ಟಿಕ್ ಡೈನೋಸಾರ್‌ಗಳು ಜನಪ್ರಿಯವಾದವು. 1970ರ ದಶಕದಲ್ಲಿ ಬ್ರಿಟನ್ನಿನ ಇನ್‌ವಿಕ್ಟಾ ಸಂಸ್ಥೆಯು ಲಂಡನ್ನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ಸಹಯೋಗದಲ್ಲಿ ಪ್ರತಿಕೃತಿಗಳನ್ನು ಹೊರತಂದಿತು. ಅಮೆರಿಕದ ಸಫಾರಿ ಸಂಸ್ಥೆಯು ಪಿಟ್ಸ್‌ಬರ್ಗಿನ ಕಾರ್ನೆಗೀ ವಸ್ತುಸಂಗ್ರಹಾಲಯದ ತಜ್ಞರ ಮಾರ್ಗದರ್ಶನದಲ್ಲಿ 1988ರಲ್ಲಿ ಆರಂಭಿಸಿದ ಕಾರ್ನೆಗೀ ಸರಣಿಯು 2015ರವರೆಗೆ ನಡೆಯಿತು. ಜರ್ಮನಿಯ ಶ್ಲೈಶ್, ಫ್ರಾನ್ಸಿನ ಪಾಪೊ, ಚೀನಾದ ಪಿ.ಎನ್.ಎಸ್.ಒ. ಮತ್ತು ಕಲೆಕ್ಟ್‌ಎ ಈ ಕ್ಷೇತ್ರದ ಇತರ ಪ್ರಮುಖ ಹೆಸರುಗಳು.

ಅಳತೆಯ ಪ್ರಮಾಣ

ಸಂಗ್ರಹಕಾರರಲ್ಲಿ 1:40 ಪ್ರಮಾಣವು ಹೆಚ್ಚು ಪ್ರಚಲಿತವಾಗಿದೆ. ಸುಮಾರು 12 ಮೀಟರ್ ಉದ್ದದ ಟೈರನೋಸಾರಸ್ ಈ ಪ್ರಮಾಣದಲ್ಲಿ 30 ಸೆಂಟಿಮೀಟರ್ ಆಗುತ್ತದೆ. ಸುಮಾರು 2 ಮೀಟರ್ ಉದ್ದದ ವೆಲೋಸಿರಾಪ್ಟರ್ ಕೇವಲ 5 ಸೆಂಟಿಮೀಟರ್ ಆಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಪ್ರಾಣಿಗಳೂ ಸಮಗಾತ್ರದಲ್ಲಿದ್ದರೆ ಅವು ಒಂದೇ ಪ್ರಮಾಣದವಲ್ಲ. ಅಂತಹ ಗೊಂಬೆಗಳಿಂದ ಪ್ರಾಣಿಗಳ ತುಲನಾತ್ಮಕ ಗಾತ್ರವನ್ನು ಕಲಿಸಲಾಗದು.

ಅಂಗರಚನೆಯ ಲಕ್ಷಣಗಳು

ನೈಜ ಪ್ರತಿಕೃತಿಯನ್ನು ಗುರುತಿಸಲು ಕೆಳಗಿನ ಲಕ್ಷಣಗಳು ನೆರವಾಗುತ್ತವೆ:

ಬಾಲ: ಹಳೆಯ ಗೊಂಬೆಗಳು ನೆಟ್ಟಗೆ ನಿಂತು ಬಾಲವನ್ನು ನೆಲದ ಮೇಲೆ ಎಳೆಯುವಂತೆ ಇರುತ್ತವೆ. 1969ರಲ್ಲಿ ಜಾನ್ ಆಸ್ಟ್ರಮ್ ಅವರು ಡೈನೋನಿಕಸ್ ಪ್ರಾಣಿಯನ್ನು ವಿವರಿಸಿದ ನಂತರದ ದಶಕಗಳಲ್ಲಿ ಬೆನ್ನು ಅಡ್ಡವಾಗಿ, ಬಾಲ ನೆಲದಿಂದ ಮೇಲಕ್ಕಿರುವ ಭಂಗಿಯು ಅಂಗೀಕೃತವಾಯಿತು.

ಕೈಗಳು: ಟೈರನೋಸಾರಸ್‌ನ ಕೈಯಲ್ಲಿ ಎರಡು ಬೆರಳುಗಳು ಮಾತ್ರ ಕಾಣಬೇಕು. ಮಾಂಸಾಹಾರಿ ಥೆರೊಪಾಡ್‌ಗಳ ಅಂಗೈಗಳು ನೆಲದ ಕಡೆಗೆ ತಿರುಗಿರದೆ ಪರಸ್ಪರ ಎದುರಾಗಿರಬೇಕು.

ಗರಿಗಳು: 1996ರಲ್ಲಿ ಚೀನಾದ ಸೈನೋಸಾರಾಪ್ಟೆರಿಕ್ಸ್ ಪಳೆಯುಳಿಕೆಯಲ್ಲಿ ತುಪ್ಪಳದಂತಹ ಗರಿಗಳು ಕಂಡುಬಂದವು. 2007ರಲ್ಲಿ ವೆಲೋಸಿರಾಪ್ಟರ್‌ನ ಮುಂಗೈ ಮೂಳೆಯ ಮೇಲೆ ಗರಿ ನೆಟ್ಟ ಗುರುತುಗಳು ವರದಿಯಾದವು. ಗರಿಯಿಲ್ಲದ, ಮನುಷ್ಯನಷ್ಟು ಎತ್ತರದ ವೆಲೋಸಿರಾಪ್ಟರ್ ಚಲನಚಿತ್ರಗಳ ಕಲ್ಪನೆಯಾಗಿದೆ.

ಮೈಕಟ್ಟು: ತಲೆಬುರುಡೆಯ ರಂಧ್ರಗಳು ಚರ್ಮದ ಮೇಲೆ ಎದ್ದು ಕಾಣುವ ಗೊಂಬೆಗಳು ಸ್ನಾಯು ಮತ್ತು ಕೊಬ್ಬನ್ನು ಕಡೆಗಣಿಸಿರುತ್ತವೆ.

ಬಣ್ಣ: ಸೈನೋಸಾರಾಪ್ಟೆರಿಕ್ಸ್‌ನಂತಹ ಕೆಲವು ಪ್ರಾಣಿಗಳ ಬಣ್ಣದ ಕುರುಹುಗಳು ಪಳೆಯುಳಿಕೆಗಳಲ್ಲಿ ಉಳಿದಿವೆ. ಉಳಿದ ಬಹುತೇಕ ಗೊಂಬೆಗಳ ಬಣ್ಣ ಕಲಾವಿದರ ಊಹೆಯಾಗಿರುತ್ತದೆ.

ಎರಡು ಕಾಲಿನ ಪ್ರಾಣಿಗಳು ಬೀಳದಂತೆ ನಿಲ್ಲಿಸಲು ತಯಾರಕರು ಪಾದಗಳನ್ನು ದೊಡ್ಡದಾಗಿಸುವುದು, ಬಾಲವನ್ನು ನೆಲಕ್ಕೆ ತಾಗಿಸುವುದು ಅಥವಾ ಪೀಠವನ್ನು ಜೋಡಿಸುವುದು ಉಂಟು. ಪೀಠವಿರುವ ಗೊಂಬೆಗಳಲ್ಲಿ ಪಾದದ ಅಳತೆಯನ್ನು ಸರಿಯಾಗಿ ಉಳಿಸಿಕೊಳ್ಳಬಹುದು.

ವರ್ಗೀಕರಣದ ಗೊಂದಲ

ಡೈನೋಸಾರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್ಲ ಗೊಂಬೆಗಳೂ ಡೈನೋಸಾರ್‌ಗಳಲ್ಲ. ಬೆನ್ನಿನ ಮೇಲೆ ಹಾಯಿಯಿರುವ ಡೈಮೆಟ್ರೊಡಾನ್ ಸಸ್ತನಿಗಳ ವಂಶಕ್ಕೆ ಹತ್ತಿರದ ಪ್ರಾಣಿಯಾಗಿದ್ದು, ಡೈನೋಸಾರ್‌ಗಳು ಹುಟ್ಟುವ ಕೋಟ್ಯಂತರ ವರ್ಷ ಮೊದಲೇ ಅಳಿದಿತ್ತು. ಹಾರುವ ಟೆರೊಸಾರ್‌ಗಳು ಮತ್ತು ಕಡಲಿನ ಪ್ಲೀಸಿಯೊಸಾರ್‌ಗಳು ಬೇರೆ ಗುಂಪುಗಳಿಗೆ ಸೇರಿವೆ. ಟೆರಾನೋಡಾನ್‌ಗೆ ಹಲ್ಲುಗಳಿರಲಿಲ್ಲ, ಹಲ್ಲುಗಳಿರುವ ಅದರ ಗೊಂಬೆ ತಪ್ಪಾದುದು.

ಬದಲಾಗುವ ಜ್ಞಾನ

ಸ್ಪೈನೋಸಾರಸ್‌ನ ಗೊಂಬೆಗಳು ಜ್ಞಾನದ ಬದಲಾವಣೆಗೆ ಸ್ಪಷ್ಟ ಉದಾಹರಣೆಯಾಗಿವೆ. 1915ರಲ್ಲಿ ಹೆಸರಿಸಲಾದ ಈ ಪ್ರಾಣಿಯ ಮೂಲ ಪಳೆಯುಳಿಕೆಗಳು 1944ರಲ್ಲಿ ಮ್ಯೂನಿಕ್ ನಗರದ ಮೇಲಿನ ಬಾಂಬ್ ದಾಳಿಯಲ್ಲಿ ನಾಶವಾದವು. ಮೊರಾಕೊದ ಹೊಸ ಪಳೆಯುಳಿಕೆಗಳ ಆಧಾರದಿಂದ 2014ರಲ್ಲಿ ಗಿಡ್ಡ ಹಿಂಗಾಲುಗಳೂ 2020ರಲ್ಲಿ ಹುಟ್ಟಿನಂತಹ ಅಗಲವಾದ ಬಾಲವೂ ವಿವರಿಸಲ್ಪಟ್ಟವು. ಆದ್ದರಿಂದ ಉದ್ದ ಕಾಲು ಮತ್ತು ತೆಳುಬಾಲದ ಹಳೆಯ ಗೊಂಬೆಯು ತನ್ನ ಕಾಲಕ್ಕೆ ಸರಿಯಾಗಿದ್ದರೂ ಇಂದಿನ ತಿಳಿವಳಿಕೆಗೆ ಹೊಂದುವುದಿಲ್ಲ. ಹಳೆಯ ಮತ್ತು ಹೊಸ ಗೊಂಬೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವಿಜ್ಞಾನವು ತನ್ನನ್ನು ತಿದ್ದಿಕೊಳ್ಳುವ ರೀತಿಯನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು.

ಸುರಕ್ಷತೆ

ಚೂಪಾದ ಹಲ್ಲು, ಉಗುರು ಮತ್ತು ಬಾಲದ ತುದಿಗಳಿಂದಾಗಿ ಸೂಕ್ಷ್ಮ ವಿವರಗಳುಳ್ಳ ಪ್ರತಿಕೃತಿಗಳು 3 ವರ್ಷದೊಳಗಿನ ಮಕ್ಕಳಿಗೆ ಸೂಕ್ತವಲ್ಲ. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳಿಗಾಗಿ ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಗಿದೆ.